ತಲಿ ಕಳಕೊಂಡ ಗಿಳಿ

ಬರ್ರಿ, ಕುಂದರ್ರಿ. ಗದ್ದಲ ಮಾಡಬ್ಯಾಡ್ರಿ. ಗದ್ದಲ ಮಾಡಿದ್ರ ಕಥಿ ನುಂಗಿಬಿಡತೀನಿ, ಆಮ್ಯಾಲ ಅತ್ತರೂ ಹೇಳೂದಿಲ್ಲ.

ಒಂದ ಓಣಿ ಇತ್ತು. ನೇಕಾರ ಓಣಿ. ಓಣ್ಯಾಗ ಒಂದ ಮನಿ. ಮನ್ಯಾಗ ಒಂದ ಮಗ್ಗ. ಆ ಮನಿ ಸಣ್ಣ ಮಗಳು ತುಳಸಾ. ಆಕಿಗೆ ಆರ ವರ್ಷ. ಮುಂದಿನ ಎರಡ ಹಲ್ಲ ಬಿದ್ದಿದ್ವು.

ತುಳಸಾನ ಅಕ್ಕ ಸುಮಿತ್ರಾ ಬಸುರಿ. ತವರಮನಿಗೆ ಬಂದಿದ್ಲು. ನಾಳೆ ಆಕಿ ಕುಬಸ. ಕುಬಸ ಅಂದ್ರ ಬಸುರಿಗೆ ಹಸರ ಖಣ ಕೊಟ್ಟು ಉಡಿ ತುಂಬೂದು. ಖಣ ಅಂದ್ರ ಜಂಪರಿನ ಅರಿವಿ. ನೇಕಾರ ಮನಿ ಮಗಳಿಗೆ ಪ್ಯಾಟಿ ಖಣ ಯಾಕ, ನಮ್ಮ ಮಗ್ಗದ್ದೇ ಕೊಡತೀನಿ ಅಂದ ಅಪ್ಪ. ಹಂಗಾದ್ರ ಅದರ ಮ್ಯಾಲ ಒಂದ ಗಿಳಿ ಇರಲಿ ಅಂದ್ಲು ಅಕ್ಕ.

ಗಿಳಿ ಎಲ್ಲಿತ್ತು? ಕಂಪ್ಯೂಟರಿನ್ಯಾಗ ಇತ್ತು. ಈಗಿನ ಮಗ್ಗಕ್ಕ ಕಂಪ್ಯೂಟರ್ ಹೇಳತೈತಿ. ಅದು ಹಸರ ಅಂದ್ರ ಮಗ್ಗ ಹಸರ ನೇಯತೈತಿ, ಅದು ಕೆಂಪ ಅಂದ್ರ ಕೆಂಪ ನೇಯತೈತಿ. ಕಂಪ್ಯೂಟರಿನ ಹೊಟ್ಟ್ಯಾಗ ಒಂದ ಡಿಸ್ಕ್ ಇರತೈತಿ. ಬರದದ್ದೆಲ್ಲಾ, ಬಿಡಿಸಿದ್ದೆಲ್ಲಾ ಅದರಾಗ ಕೂಡಿಟ್ಟಿರತಾರ. ಹಳೇ ಡಿಸ್ಕ್ ತುಂಬಿತು ಅಂತ ಅಪ್ಪ ಹೊಸಾ ಡಿಸ್ಕ್ ತಂದ. ಗಿಳಿ, ಆನಿ, ನವಲ, ಹಂಸ, ಎಲ್ಲಾರನ್ನೂ ಎತ್ತಿ ಹೊಸದ್ರಾಗ ಇಟ್ಟ.

ಮಗ್ಗ ನಡೀತು. ಗಿಳಿ ಬಾಲ ಬಂತು. ಗಿಳಿ ಕಾಲ ಬಂತು. ಗಿಳಿ ರೆಕ್ಕಿ ಬಂತು. ಕುತ್ತಿಗಿ ತನಕ ಬಂತು. ತಲಿ ಬರಲಿಲ್ಲ. ಮಗ್ಗ ನಿಂತಬಿಡ್ತು.

ಅಪ್ಪ ವೈರ್ ಕಿತ್ತಿ ಮತ್ತ ಹಾಕಿದ. ಬಂದ್ ಮಾಡಿ ಚಾಲೂ ಮಾಡಿದ. ಕಂಪ್ಯೂಟರಿನ ಪೆಟ್ಟಿಗಿ ಮುಚ್ಚಳ ಬಿಚ್ಚಿ ಇಣಿಕಿದ. ಡಿಸ್ಕ್ ಮಾರಿದಂವಗ ಫೋನ್ ಹಚ್ಚಿದ. ಹೋದದ್ದು ಹೋತು, ಬಿಡ್ರಿ, ಅಂದ ಅಂವ. ತುಳಸಾನ ಅಪ್ಪ ಬಿಡೂ ಪೈಕಿ ಅಲ್ಲ. ರಿಪೇರಿ ಮಾಡಾವ್ರನ್ನ ಹುಡಕಾಕ ಪ್ಯಾಟಿಗೆ ಹೋದ. ಪೆಟ್ಟಿಗ್ಯಾಗ ಕೈ ಹಾಕಬ್ಯಾಡ ಅಂತ ತುಳಸಾಗ ತಾಕೀತ ಮಾಡಿ ಹೋದ.

ಅವ್ವ ಮಗ್ಗದ ಮ್ಯಾಲಿನ ಗಿಳಿ ನೋಡಿದ್ಲು. ಸೆರಗ ಬಾಯಿಗೆ ಹಿಡಕೊಂಡ್ಲು. ತಲಿ ಇಲ್ಲದ ಹಕ್ಕಿ ಬಸುರಿ ಉಡಿಗೆ ಬ್ಯಾಡವ್ವ ಅಂದ್ಲು. ಹೊತ್ತ ಮುಣಗೂದರಾಗ ತಲಿ ಬರಲಿಲ್ಲಂದ್ರ ಖಣ ಕತ್ತರಿಸಿ ಒಲಿಗೆ ಹಾಕತೀನಿ ಅಂದ್ಲು.

ನಡು ಮಧ್ಯಾಹ್ನ ಆತು. ಬಿಸಲು ಬೆಳ್ಳಗ. ಓಣ್ಯಾಗ ಒಂದ ನಾಯಿನೂ ಇಲ್ಲ. ಎಲ್ಲಾರ ಮನಿ ಮಗ್ಗನೂ ಸುಮ್ಮನಾಗಿದ್ವು. ಅಂಥಾ ಹೊತ್ತಿನ್ಯಾಗ ಒಂದ ಸಪ್ಪಳ ಬಂತು.

ಪಟ ಪಟ. ಪಟ ಪಟ.

ತುಳಸಾ ಮಗ್ಗದ ಖೋಲಿಗೆ ಹೋದ್ಲು. ಗಾಳಿ ಇರಲಿಲ್ಲ. ಫ್ಯಾನ್ ತಿರಗತಿರಲಿಲ್ಲ. ಖಣದ ಮ್ಯಾಲ ಗಿಳಿ ರೆಕ್ಕಿ ಬಡೀತಿತ್ತು.

ತುಳಸಾಗ ಅಂಜಿಕಿ ಬಂತು. ಬರದ ಏನ ಮಾಡತೈತಿ? ನಿಮಗಾದ್ರ ಬರತಿರಲಿಲ್ಲೇನು? ಆದ್ರ ಆಕಿ ಓಡಲಿಲ್ಲ. ಗಿಳಿಗೆ ತಲಿ ಇಲ್ಲ. ತಲಿ ಇಲ್ಲಂದ್ರ ಬಾಯಿ ಇಲ್ಲ. ಬಾಯಿ ಇಲ್ಲಂದ್ರ ಅದು ಹೆಂಗ ಕೇಳಬೇಕು? ನಾನ ಕೇಳತೀನಿ ತಡಿ, ಅಂದ್ಲು.

"ಮಗ್ಗಾ ಮಗ್ಗಾ,
ಗಿಳಿಗೆ ತಲಿ ಇಲ್ಲ.
ನೀ ನೇಯ್."

ಮಗ್ಗ ಕಿರ್ ಅಂತು. ಯಾರೂ ಮುಟ್ಟದನ ಕಿರ್ ಅಂತು.

"ನಾ ನೇಯೂದಿಲ್ಲ. ಕಂಪ್ಯೂಟರ್ ಹೇಳಿದ್ರ ನೇಯತೀನಿ."

ತುಳಸಾ ಕಂಪ್ಯೂಟರಿನ ಮುಂದ ಹೋಗಿ ನಿಂತ್ಲು. ಪರದೆ ಕರ್ರಗಿತ್ತು. ಅದರಾಗ ತುಳಸಾನ ಮಾರಿ ಕಾಣತಿತ್ತು.

"ಕಂಪ್ಯೂಟರಾ ಕಂಪ್ಯೂಟರಾ,
ಗಿಳಿಗೆ ತಲಿ ಇಲ್ಲ.
ಮಗ್ಗ ನೇಯವಲ್ಲದು.
ನೀ ಹೇಳು."

ತುಳಸಾ ಬಾಯಿ ಮುಚ್ಚಿದ್ಲು. ಪರದೆ ಒಳಗಿನ ತುಳಸಾ ಬಾಯಿ ತಗದ್ಲು. ನಾ ಹೇಳೂದಿಲ್ಲ ಅಂದ್ಲು. ಡಿಸ್ಕ್ ಕೊಟ್ಟರ ಹೇಳತೀನಿ ಅಂದ್ಲು. ಅಂದು ಮತ್ತ ಬಾಯಿ ಮುಚ್ಚಿಕೊಂಡ್ಲು.

ಪೆಟ್ಟಿಗಿ ಮುಚ್ಚಳ ಬಿಚ್ಚಿತ್ತು. ಒಳಗ ಕತ್ತಲಿ. ಕತ್ತಲ್ಯಾಗ ಯಾರೋ ಬಾಗಲ ಬಡದಂಗ, ಟಕ್. ಟಕ್. ಟಕ್. ತುಳಸಾ ಕೈ ಹಾಕಲಿಲ್ಲ. ಅಪ್ಪ ಬ್ಯಾಡ ಅಂದಿದ್ನಲ್ಲ. ಬರೇ ಬಾಯಿ ತಂದ್ಲು ಹತ್ತರ.

"ಡಿಸ್ಕಾ ಡಿಸ್ಕಾ,
ಗಿಳಿಗೆ ತಲಿ ಇಲ್ಲ.
ಮಗ್ಗ ನೇಯವಲ್ಲದು.
ಕಂಪ್ಯೂಟರ್ ಹೇಳವಲ್ಲದು.
ನೀ ಕೊಡು."

ಟಕ್ ಟಕ್ ನಿಂತು ಹೋತು. ಕೌದಿ ಒಳಗಿಂದ ಮಾತಾಡಿದಂಗ ಒಂದ ದನಿ ಬಂತು.

"ನಾ ಕೊಡೂದಿಲ್ಲ. ನನಗ ಉಸಿರ ಆಡವಲ್ಲದು. ಮೂಗಿನ್ಯಾಗ ಕುಂಕುಮ ಕುಂತೈತಿ. ಅದು ಬಿಟ್ಟರ ಕೊಡತೀನಿ."

ಖರೇ ಅದು. ಹೊಸಾ ಸೈಕಲ್ ಬಂದ್ರ ಅವ್ವ ಅರಿಷಿಣ ಕುಂಕುಮ ಹಚ್ಚತಾಳ. ಹೊಸಾ ಮಿಕ್ಸರ್ ಬಂದ್ರ ಹಚ್ಚತಾಳ. ಹೊಸಾ ಡಿಸ್ಕ್ ಬಂತು, ಅದಕ್ಕೂ ಹಚ್ಚಿದ್ಲು. ಡಿಸ್ಕಿನ ಮ್ಯಾಲ ಒಂದ ಸಣ್ಣ ತೂತ ಇರತೈತಿ, ಗಾಳಿ ಆಡೂ ತೂತ. ಇದನ್ನ ಮುಚ್ಚಬ್ಯಾಡ್ರಿ ಅಂತ ಇಂಗ್ಲಿಷಿನ್ಯಾಗ ಬರದಿತ್ತು. ಅವ್ವಗ ಇಂಗ್ಲಿಷ್ ಎಲ್ಲಿ ಬರಬೇಕು? ಕುಂಕುಮ ಹಚ್ಚಾಕ ಅದೇ ಚಂದ ಜಾಗಾ ಅಂತ ನೀರಾಗ ಕಲಸಿ ದಪ್ಪಗ ಹಚ್ಚಿಬಿಟ್ಟಿದ್ಲು.

ತುಳಸಾ ಇಣಿಕಿದ್ಲು. ಕತ್ತಲ್ಯಾಗ ಕುಂಕುಮ ಕೆಂಪಗ ಆಕಿನ್ನ ನೋಡತಿತ್ತು. ರೆಪ್ಪಿ ಬಡೀದನ ನೋಡತಿತ್ತು.

"ಕುಂಕುಮಾ ಕುಂಕುಮಾ,
ಗಿಳಿಗೆ ತಲಿ ಇಲ್ಲ.
ಮಗ್ಗ ನೇಯವಲ್ಲದು.
ಕಂಪ್ಯೂಟರ್ ಹೇಳವಲ್ಲದು.
ಡಿಸ್ಕ್ ಕೊಡವಲ್ಲದು.
ನೀ ಬಿಡು."

ನಾ ಬಿಡೂದಿಲ್ಲ ಅಂತು ಕುಂಕುಮ. ನಾನಾಗೇ ಬಂದು ಕುಂತಿಲ್ಲ, ಹಚ್ಚಿದಾಕಿ ತಗದ್ರ ಬಿಡತೀನಿ ಅಂತು.

ಪಟ ಪಟ, ಪಟ ಪಟ. ಗಿಳಿ ಇನ್ನೂ ರೆಕ್ಕಿ ಬಡೀತಿತ್ತು. ಈಗ ಸ್ವಲ್ಪ ಮೆತ್ತಗ ಬಡೀತಿತ್ತು. ತುಳಸಾ ಅಡಗಿ ಮನಿಗೆ ಓಡಿದ್ಲು. ಅವ್ವ ನಾಳಿನ ಸಲುವಾಗಿ ಕಡಬಿನ ಹಿಟ್ಟ ನಾದತಿದ್ಲು.

"ಅವ್ವಾ ಅವ್ವಾ,
ಗಿಳಿಗೆ ತಲಿ ಇಲ್ಲ.
ಮಗ್ಗ ನೇಯವಲ್ಲದು.
ಕಂಪ್ಯೂಟರ್ ಹೇಳವಲ್ಲದು.
ಡಿಸ್ಕ್ ಕೊಡವಲ್ಲದು.
ಕುಂಕುಮ ಬಿಡವಲ್ಲದು.
ನೀ ತಗಿ."

ಅವ್ವನ ಕೈ ಹಿಟ್ಟಿನ್ಯಾಗ ಹಂಗ ನಿಂತ್ವು.

"ಮನ್ಯಾಗ ಬಸುರಿ ಇದ್ದಾಗ ಹಚ್ಚಿದ ಕುಂಕುಮ ಒರಸ್ತಾರೇನ? ನಾ ತಗಿಯೂದಿಲ್ಲವ್ವ. ನಿಮ್ಮ ಆಯಿ ಹೂಂ ಅಂದ್ರ ತಗೀತೀನಿ."

ಆಯಿ ಅಂದ್ರ ಅಪ್ಪನ ಅವ್ವ. ಪಡಸಾಲ್ಯಾಗ ಮಲಗಿದ್ಲು. ಆಯಿ ಕಣ್ಣ ತೆರದ ಮಲಗತಾಳ. ಎದ್ದಾಳೋ ನಿದ್ದ್ಯಾಗ ಅದಾಳೋ, ಯಾರಿಗೂ ಗೊತ್ತಾಗೂದಿಲ್ಲ.

"ಆಯಿ ಆಯಿ,
ಗಿಳಿಗೆ ತಲಿ ಇಲ್ಲ.
ಮಗ್ಗ ನೇಯವಲ್ಲದು.
ಕಂಪ್ಯೂಟರ್ ಹೇಳವಲ್ಲದು.
ಡಿಸ್ಕ್ ಕೊಡವಲ್ಲದು.
ಕುಂಕುಮ ಬಿಡವಲ್ಲದು.
ಅವ್ವ ತಗಿಯವಲ್ಲಳು.
ನೀ ಹೂಂ ಅನ್ನು."

ಆಯಿ ತೊಲಿ ನೋಡಕೋತ ಮಾತಾಡಿದ್ಲು. ನಾ ಹೂಂ ಅನ್ನೂದಿಲ್ಲ ಅಂದ್ಲು. ನಾಳಿನ ಕುಬಸ ಯಾರದು, ನಿಮ್ಮ ಅಕ್ಕಂದು. ಆಕಿ ಎದ್ದು ಬಂದ್ರ ಹೂಂ ಅಂತೀನಿ, ಇಲ್ಲಂದ್ರ ಇಲ್ಲ ಅಂದ್ಲು. ಆಮ್ಯಾಲ ಗೊರಕಿ ಹೊಡದ್ಲು. ಕಣ್ಣ ತೆರದ ಇದ್ವು.

ಅಕ್ಕ ಒಳಗಿನ ಖೋಲ್ಯಾಗ ಇದ್ಲು. ಕಿಡಕಿ ಮುಚ್ಚಿತ್ತು. ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ್ಲು. ತುಳಸಾ ತುದಿಬೆರಳ ಮ್ಯಾಲ ಹೋಗಿ ಹಾಸಿಗಿ ಹತ್ತರ ನಿಂತ್ಲು.

"ಅಕ್ಕಾ ಅಕ್ಕಾ,
ಗಿಳಿಗೆ ತಲಿ ಇಲ್ಲ.
ಮಗ್ಗ ನೇಯವಲ್ಲದು.
ಕಂಪ್ಯೂಟರ್ ಹೇಳವಲ್ಲದು.
ಡಿಸ್ಕ್ ಕೊಡವಲ್ಲದು.
ಕುಂಕುಮ ಬಿಡವಲ್ಲದು.
ಅವ್ವ ತಗಿಯವಲ್ಲಳು.
ಆಯಿ ಹೂಂ ಅನ್ನವಲ್ಲಳು.
ನೀ ಏಳು."

ಅಕ್ಕ ಹೊಳ್ಳಿ ನೋಡಲಿಲ್ಲ. ಆಕಿ ಅಳತಿದ್ಲು.

"ಮುಂಜಾನೆ ನಾ ಆ ಗಿಳಿ ನೋಡಿದೆ, ತುಳಸಾ. ಆವಾಗಿಂದ ಕೂಸ ಅಲುಗಾಡಿಲ್ಲ. ನನಗ ಭಾಳ ಅಂಜಿಕಿ ಆಗೇತಿ. ನಾ ಏಳೂದಿಲ್ಲ. ಕೂಸ ಒದ್ದರ ಏಳತೀನಿ."

ಈಗ ಯಾರನ್ನ ಕೇಳಬೇಕು? ನೀವ ಹೇಳ್ರಿ. ಹೂಂ, ಅದನ್ನೇ ಕೇಳಬೇಕು. ಹೊಟ್ಟ್ಯಾಗಿನ ಕೂಸನ್ನೇ ಕೇಳಬೇಕು.

ತುಳಸಾ ಹಾಸಿಗಿ ಮ್ಯಾಲ ಕುಂತ್ಲು. ಅಕ್ಕನ ಹೊಟ್ಟಿಗೆ ಗಲ್ಲ ಹಚ್ಚಿದ್ಲು. ಸಣ್ಣ ದನೀಲೆ ಕೇಳಿದ್ಲು. ನೀವೂ ಸಣ್ಣ ದನೀಲೆ ಅನ್ರಿ, ಜೋರ ಮಾಡಿದ್ರ ಕೂಸ ಅಂಜತೈತಿ.

"ಕೂಸಾ ಕೂಸಾ,
ಗಿಳಿಗೆ ತಲಿ ಇಲ್ಲ.
ಮಗ್ಗ ನೇಯವಲ್ಲದು.
ಕಂಪ್ಯೂಟರ್ ಹೇಳವಲ್ಲದು.
ಡಿಸ್ಕ್ ಕೊಡವಲ್ಲದು.
ಕುಂಕುಮ ಬಿಡವಲ್ಲದು.
ಅವ್ವ ತಗಿಯವಲ್ಲಳು.
ಆಯಿ ಹೂಂ ಅನ್ನವಲ್ಲಳು.
ಅಕ್ಕ ಏಳವಲ್ಲಳು.
ನೀ ಒದಿ."

ಕೂಸ ಒದೀಲಿಲ್ಲ.

ಮಗ್ಗದ ಖೋಲ್ಯಾಗ ಪಟ ಪಟ ನಿಂತು ಹೋತು. ಪೆಟ್ಟಿಗ್ಯಾಗ ಟಕ್ ಟಕ್ ಇಲ್ಲ. ಪಡಸಾಲ್ಯಾಗ ಗೊರಕಿ ಇಲ್ಲ. ಮನಿಗೆ ಮನಿನೇ ಉಸಿರ ಹಿಡಕೊಂಡು ಕುಂತಿತ್ತು. ತುಳಸಾಗ ತನ್ನ ಎದಿ ಸಪ್ಪಳ ಅಷ್ಟ ಕೇಳತಿತ್ತು. ಆಕಿ ಗಲ್ಲ ತಗೀಲಿಲ್ಲ. ಕಣ್ಣ ಗಟ್ಟ್ಯಾಗಿ ಮುಚ್ಚಿದ್ಲು. ಭಾಳ ಹೊತ್ತ ಹಂಗೇ ಇದ್ಲು.

ಧಪ್.

ಗಲ್ಲಕ್ಕೇ ಬಡೀತು.

ಕೂಸ ಒದೀತು. ಅಕ್ಕ ಎದ್ಲು. ಕಣ್ಣ ಒರಸಿಕೊಂಡು, ಗ್ವಾಡಿ ಹಿಡಕೊಂಡು, ಪಡಸಾಲಿಗೆ ಬಂದ್ಲು. ಆಯಿ ಎದ್ದು ಕುಂತ್ಲು. ಅಕ್ಕನ್ನ ನೋಡಿದ್ಲು, ಅಕ್ಕನ ಹೊಟ್ಟಿ ನೋಡಿದ್ಲು, ಹೂಂ ಅಂದ್ಲು. ಅವ್ವ ಕೈ ತೊಳಕೊಂಡು ಪೆಟ್ಟಿಗಿ ಮುಂದ ಬಂದ್ಲು. ಕರೆಂಟ್ ಬಂದ್ ಮಾಡಿದ್ಲು. ಬೆರಳ ಮುಂದ ಮಾಡಿದ್ಲು. ಆದ್ರ ನನ್ನ ಕೈಲೆ ಆಗೂದಿಲ್ಲವ್ವ ಅಂತ ಹಿಂದ ಸರದ್ಲು.

ಮಾಡೂದೇನು? ಇಷ್ಟ ದೂರ ಬಂದು ಇಲ್ಲೇ ನಿಂತು ಹೋತಲ್ಲ. ತುಳಸಾ ಅವ್ವನ ಮಾರಿ ನೋಡಿದ್ಲು, ಆಯಿ ಮಾರಿ ನೋಡಿದ್ಲು, ಅಕ್ಕನ ಮಾರಿ ನೋಡಿದ್ಲು.

ಆವಾಗ ಅಕ್ಕ ತನ್ನ ಉಂಗುರ ಬೆರಳ ಪೆಟ್ಟಿಗ್ಯಾಗ ಇಳಿಸಿದ್ಲು. ಕುಂಕುಮಕ್ಕ ಮುಟ್ಟಿಸಿದ್ಲು. ತಂದು ತನ್ನ ಹಣಿಗೆ ಹಚ್ಚಿಕೊಂಡ್ಲು. ಮತ್ತೊಮ್ಮೆ ಬೆರಳ ಇಳಿಸಿದ್ಲು, ಅವ್ವನ ಹಣಿಗೆ ಹಚ್ಚಿದ್ಲು. ಮತ್ತೊಮ್ಮೆ ಇಳಿಸಿದ್ಲು, ತುಳಸಾನ ಹಣಿಗೆ ಹಚ್ಚಿದ್ಲು.

"ನಾ ಒರಸಿಲ್ಲವ್ವಾ," ಅಂದ್ಲು. "ಹಚ್ಚಿಕೊಂಡೆ."

ಅವ್ವಗ ಅಳು ಬಂತು, ನಗು ಬಂತು, ಎರಡೂ ಕೂಡೇ ಬಂದ್ವು. ಉಳಿದ ಕುಂಕುಮ ತಾನೇ ಬೆರಳಿಗೆ ತಗೊಂಡು ಹಣಿಗೆ ಹಚ್ಚಿಕೊಂಡ್ಲು, ಕರೆಂಟ್ ಹಾಕಿದ್ಲು.

ಕೂಸ ಒದೀತು.
ಅಕ್ಕ ಎದ್ಲು.
ಆಯಿ ಹೂಂ ಅಂದ್ಲು.
ಅವ್ವನ ಅಂಜಿಕಿ ಹೋತು.
ಕುಂಕುಮ ಬಿಡ್ತು.
ಡಿಸ್ಕ್ ಕೊಟ್ಟಿತು.
ಕಂಪ್ಯೂಟರ್ ಹೇಳಿತು.
ಮಗ್ಗ ನೇಯ್ತು.
ಗಿಳಿಗೆ ತಲಿ ಬಂತು.

ಡಿಸ್ಕ್ ಕೊಡೂ ಮುಂದ ಒಂದ ಉದ್ದ ಉಸಿರ ಬಿಟ್ಟಿತ್ತು. ಆ ಉಸಿರ ತಣ್ಣಗ ಎಲ್ಲಾರ ಕಾಲಿಗೆ ತಾಗಿ ಹೋತು. ಮೊದಲ ಗಿಳಿ ಕೆಂಪ ಕೊಕ್ಕ ಬಂತು. ಆಮ್ಯಾಲ ಹಸರ ತಲಿ ಬಂತು. ಕಡೀಕ ಕಣ್ಣ ಬಂತು. ಕಣ್ಣ ಬಂದದ್ದೇ ತಡ, ಗಿಳಿ ತುಳಸಾನ್ನ ನೋಡಿತು. ಈಗ ಅದಕ್ಕ ಬಾಯಿ ಇತ್ತು. ಅದು ಒಂದೇ ಮಾತ ಆಡಿತು, ತುಳಸಾಗ ಅಷ್ಟ ಕೇಳೂ ಹಂಗ.

"ಒಳಗ ಭಾಳ ಕತ್ತಲಿ ಐತಿ. ಆನಿ ಅಳಾಕ ಹತ್ತೈತಿ."

ಅಷ್ಟ ಅಂದು ಗಿಳಿ ಅರಿವ್ಯಾಗ ಅರಿವಿ ಆಗಿ ಕುಂತಿತು. ಮತ್ತ ಮಾತಾಡಲಿಲ್ಲ, ರೆಕ್ಕಿ ಬಡೀಲಿಲ್ಲ.

ಸಂಜೀಕ ಅಪ್ಪ ಬಂದ. ರಿಪೇರಿಯಂವ ಸಿಕ್ಕಿರಲಿಲ್ಲ. ಕೈಯಾಗ ಇನ್ನೊಂದ ಡಿಸ್ಕ್ ಇತ್ತು. ತುಳಸಾ ಎಲ್ಲಾ ಹೇಳಿದ್ಲು, ಆನಿ ಅಳೂದೂ ಹೇಳಿದ್ಲು. ಅಪ್ಪ ನಗಲಿಲ್ಲ. ಕುಂತು ಒಬ್ಬೊಬ್ಬರನ್ನ ಎರಡನೇ ಡಿಸ್ಕಿನ್ಯಾಗೂ ಇಟ್ಟ. ಆನಿಗೆ ಎರಡ ಮನಿ ಆತು. ನವಲಿಗೆ ಎರಡ ಮನಿ ಆತು. ಹಂಸಕ್ಕ ಎರಡ ಮನಿ ಆತು. ಗಿಳಿಗೂ ಎರಡ ಮನಿ ಆತು. ಅವ್ವ ಕುಂಕುಮದ ಭರಣಿ ಹಿಡಕೊಂಡು ಬಂದ್ಲು. ಈ ಸರತೆ ಮೊದಲ ಕೇಳಿದ್ಲು, ಇದರ ಮೂಗ ಎಲ್ಲೈತ್ರಿ, ಅಂತ.

ಮರುದಿನ ಕುಬಸ ಆತು. ಅಕ್ಕ ಕಟ್ಟಿಗಿ ಮಣಿ ಮ್ಯಾಲ ಕುಂತ್ಲು. ಓಣಿ ಹೆಣ್ಣಮಕ್ಕಳು ಹಾಡಿದ್ರು. ಆಯಿ ತನ್ನ ಕೈಲೇ ಹಸರ ಖಣ ಅಕ್ಕನ ಉಡ್ಯಾಗ ಇಟ್ಲು. ಎಲ್ಲಾರೂ ಗಿಳಿ ನೋಡಿ ಚಂದ ಐತಿ ಚಂದ ಐತಿ ಅಂದ್ರು.

ತುಳಸಾ ಗಿಳಿ ನೋಡಲಿಲ್ಲ. ಆಕಿಗೆ ಬ್ಯಾರೇ ಚಿಂತಿ ಹತ್ತಿತ್ತು. ಮಂದಿ ನಡುವ ನುಸುಳಿ ಹೋಗಿ ಅಕ್ಕನ ಹೊಟ್ಟಿ ಹತ್ತರ ಬಾಯಿ ಇಟ್ಲು.

"ಕೂಸಾ, ಅಲ್ಲೂ ಕತ್ತಲಿ ಐತೇನ? ಅಳಬ್ಯಾಡ. ನಾವೆಲ್ಲಾ ಇಲ್ಲೇ ಅದೀವಿ. ನಿನ್ನ ದಿನ ತುಂಬಿದ ಮ್ಯಾಲ ಬಾ, ಹೊರಗ ಬೆಳಕ ಐತಿ."

ಧಪ್, ಅಂತು.

ಕಥಿ ನಿಮ್ಮ ಕಿವ್ಯಾಗ ಇಳೀತು, ನನ್ನ ಬಾಯಿ ಒಣಗಿ ಹೋತು. ಯಾರರೇ ಒಬ್ಬರು ಎದ್ದು ನೀರ ತರ್ರಿ.