ಅಳಿವೆಯ ಹುಲ್ಲಿಗೆ ಸುರುಳಿ ದಂಟು ಬಂದದ್ದು

ಜಗತ್ತು ಆಗಷ್ಟೇ ತಯಾರಾಗಿತ್ತು. ಇನ್ನೂ ಪೂರ್ತಿ ಒಣಗಿರಲಿಲ್ಲ. ಬೆಟ್ಟದ ಮೇಲೆ ಕೈಯಿಟ್ಟರೆ ಬೆರಳಿನ ಗುರುತು ಬೀಳುತ್ತಿತ್ತು. ಯಾವ ಕಡೆಗೆ ನಡೆಯಬೇಕೆಂದು ಏಡಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೂ ಯಾರೂ ಹೇಳಿಕೊಡಲಿಲ್ಲ.

ಆಗ ಹೊಳೆಗೂ ಕಡಲಿಗೂ ಜಗಳ ನಡೆಯುತ್ತಿತ್ತು.

ಹೊಳೆ ಕಡಲನ್ನು ಸೇರುವ ಜಾಗಕ್ಕೆ ನಾವು ಅಳಿವೆ ಎನ್ನುತ್ತೇವೆ. ಆಗ ಅದಕ್ಕೆ ಹೆಸರಿರಲಿಲ್ಲ, ಜಗಳ ಮಾತ್ರ ಇತ್ತು. "ಇದು ನನ್ನದು" ಎನ್ನುತ್ತಾ ಹೊಳೆ ಮೇಲಿನಿಂದ ತಳ್ಳಿಕೊಂಡು ಬರುತ್ತಿತ್ತು. ಅದು ಇಳಿತ. "ಇದು ನನ್ನದು" ಎನ್ನುತ್ತಾ ಕಡಲು ಕೆಳಗಿನಿಂದ ನುಗ್ಗಿಕೊಂಡು ಬರುತ್ತಿತ್ತು. ಅದು ಉಬ್ಬರ. ಇಬ್ಬರಿಗೂ ದಣಿವಾಗುತ್ತಿರಲಿಲ್ಲ. ಬೇರೆ ಕೆಲಸವೂ ಇರಲಿಲ್ಲ.

ಈ ಜಗಳದ ನಡುವೆ ಸಿಕ್ಕಿಕೊಂಡದ್ದು ಸಿಗಡಿ.

ಸಿಗಡಿಯ ಮರಿಗಳು ಕೂದಲಿನ ತುಂಡಿನಷ್ಟು ಸಣ್ಣವು. ಆಳದ ಕಡಲಿನಲ್ಲಿ ಅವುಗಳನ್ನು ತಿನ್ನುವವರು ಬಹಳ. ಮೇಲಿನ ಹೊಳೆಯ ಸಿಹಿನೀರು ಅವುಗಳ ಮೈಗೆ ಆಗದು. ಅಳಿವೆಯ ಬೆರಕೆ ನೀರೊಂದೇ ಸರಿ. ಆದರೆ ಅಲ್ಲಿ ಹಿಡಿದುಕೊಳ್ಳಲು ಒಂದು ಕಡ್ಡಿಯೂ ಇರಲಿಲ್ಲ. ಉಬ್ಬರ ಬಂದಾಗ ಮರಿಗಳು ಗದ್ದೆಯ ಕೆಸರಿಗೆ ಹೋಗಿ ಬೀಳುತ್ತಿದ್ದವು. ಇಳಿತ ಬಂದಾಗ ಕಡಲಿಗೆ ಹೋಗಿ ಬೀಳುತ್ತಿದ್ದವು. ಅಲ್ಲಿ ದೊಡ್ಡ ಮೀನುಗಳು ಬಾಯಿ ತೆರೆದು ಕಾಯುತ್ತಿದ್ದವು. ಮೀನುಗಳು ಮಾತ್ರ ಈ ಜಗಳ ಬೇಗ ಮುಗಿಯದಿರಲಿ ಎಂದು ಹಾರೈಸುತ್ತಿದ್ದವು.

ಕೊನೆಗೆ ಹೊಳೆ ಮತ್ತು ಕಡಲು ಬೊಮ್ಮಯ್ಯನ ಬಳಿಗೆ ಬಂದವು.

ಬೊಮ್ಮಯ್ಯ ಅಳಿವೆಯಲ್ಲಿ ದೋಣಿ ಇಟ್ಟುಕೊಂಡಿದ್ದ ಮನುಷ್ಯ. ಬೆಳಿಗ್ಗೆ ಬಲೆ ಎಳೆದಾದ ಮೇಲೆ ಮರಳಿನ ಮೇಲೆ ಮೀನಿನ ಪಾಲು ಹಾಕುವವನು ಅವನೇ. ದೋಣಿಗೊಂದು ರಾಶಿ, ಬಲೆಗೊಂದು ರಾಶಿ, ಎಳೆದವರಿಗೆ ಒಂದೊಂದು ರಾಶಿ. ಒಂದು ರಾಶಿಗೂ ಇನ್ನೊಂದಕ್ಕೂ ನಡುವೆ ಕಾಲಿಡುವಷ್ಟು ಜಾಗ ಬಿಡುತ್ತಿದ್ದ. ಬಿಡದಿದ್ದರೆ ಒಬ್ಬರ ಬಂಗಡೆ ಇನ್ನೊಬ್ಬರ ರಾಶಿಗೆ ಜಾರುತ್ತದೆ. ಜಾರುವ ಮೀನಿಗೆ ಸಾಮಾನ್ಯವಾಗಿ ಯಾರದೋ ಕೈಯ ಸಹಾಯ ಇರುತ್ತದೆ.

"ಬೊಮ್ಮಯ್ಯ, ನೀನು ಪಾಲು ಹಾಕಿದರೆ ಯಾರೂ ಎದುರಾಡುವುದಿಲ್ಲವಂತೆ" ಎಂದಿತು ಕಡಲು. "ನಮಗೂ ಹಾಕಿಕೊಡು."

"ಹೆಚ್ಚು ಪಾಲು ಯಾರಿಗೆ ಸಲ್ಲಬೇಕು ಎಂದು ನಿನಗೆ ಗೊತ್ತೇ ಇದೆಯಲ್ಲ, ತಮ್ಮಾ" ಎಂದು ಹೊಳೆ ಸೇರಿಸಿತು.

ಬೊಮ್ಮಯ್ಯ ದೋಣಿಯ ಹುಟ್ಟು ತೆಗೆದುಕೊಂಡು ಮರಳಿಗೆ ಇಳಿದ. ಒಂದು ಗೀಟು ಎಳೆದ. "ಇಲ್ಲಿಂದ ಮೇಲಕ್ಕೆ ಹೊಳೆಯಕ್ಕನದು." ಸ್ವಲ್ಪ ಮುಂದೆ ನಡೆದು ಇನ್ನೊಂದು ಗೀಟು ಎಳೆದ. "ಇಲ್ಲಿಂದ ಕೆಳಕ್ಕೆ ಕಡಲಣ್ಣನದು." ಹುಟ್ಟು ಹೆಗಲಿಗೇರಿಸಿ ಗಂಜಿ ಕುಡಿಯಲು ಮನೆಗೆ ಹೋದ.

ಎರಡು ಗೀಟುಗಳ ನಡುವೆ ಒಂದಿಷ್ಟು ನೀರು ಉಳಿದಿದ್ದನ್ನು ಅವನು ಗಮನಿಸಲಿಲ್ಲ. ರಾಶಿಗಳ ನಡುವೆ ಜಾಗ ಬಿಟ್ಟು ಬಿಟ್ಟು ಅಭ್ಯಾಸವಾಗಿದ್ದ ಕಾಲು, ತಾನೇ ಮುಂದೆ ಹೋಗಿ ನಿಂತಿತ್ತು.

ಕಡಲು ಆ ನೀರಿನ ರುಚಿ ನೋಡಿತು. "ಥೂ, ಸಪ್ಪೆ" ಎಂದಿತು.

ಹೊಳೆಯೂ ನೋಡಿತು. "ಅಯ್ಯೋ, ಉಪ್ಪು" ಎಂದಿತು.

ಇಬ್ಬರಿಗೂ ಅದು ಬೇಡವಾಯಿತು. ಆದರೆ ತನಗೆ ಬೇಡವಾದದ್ದು ಎದುರಿನವರಿಗೆ ಸಿಗುವುದನ್ನು ನೋಡಿಕೊಂಡು ಸುಮ್ಮನಿರುವಷ್ಟು ದೊಡ್ಡತನ ಹೊಳೆಗೂ ಇರಲಿಲ್ಲ, ಕಡಲಿಗೂ ಇರಲಿಲ್ಲ. ಹಾಗಾಗಿ ತಳ್ಳುವುದು, ನುಗ್ಗುವುದು ಮೊದಲಿನಂತೆಯೇ ನಡೆಯಿತು. ಸಿಗಡಿಯ ಮರಿಗಳು ಮೊದಲಿನಂತೆಯೇ ಕೊಚ್ಚಿಹೋದವು.

ಅಳಿವೆಯ ದಂಡೆಯ ಮೇಲೆ ಒಂದು ಹುಲ್ಲಿತ್ತು.

ಅಷ್ಟರಲ್ಲಿ ಹುಲ್ಲುಗಳಿಗೆಲ್ಲ ಜಾಗ ಹಂಚಿಯಾಗಿತ್ತು. ಭತ್ತಕ್ಕೆ ಗದ್ದೆ ಸಿಕ್ಕಿತ್ತು. ಗರಿಕೆಗೆ ದೇವರ ತಲೆಯ ಮೇಲೆಯೇ ಜಾಗ ಸಿಕ್ಕಿತ್ತು. ಬಿದಿರಿಗೆ ಕಾಡು ಸಿಕ್ಕಿತ್ತು. ಬಿದಿರು ಕೂಡ ಹುಲ್ಲೇ, ಆದರೆ ಅದನ್ನು ಯಾರಾದರೂ ನೆನಪಿಸಿದರೆ ಅದಕ್ಕೆ ಸಿಟ್ಟು ಬರುತ್ತದೆ. ನಮ್ಮ ಹುಲ್ಲಿಗೆ ಸಿಕ್ಕಿದ್ದು ದಂಡೆಯ ಅಂಚು. ಆ ಅಂಚು ದಿನಕ್ಕೆ ಇಷ್ಟಿಷ್ಟು ಕುಸಿದು ನೀರಿಗೆ ಬೀಳುತ್ತಿತ್ತು.

ಒಂದು ದಿನ ಇಳಿತದ ಹೊತ್ತಿನಲ್ಲಿ ಸಿಗಡಿ ದಂಡೆಯ ಬುಡಕ್ಕೆ ಬಂದು ಕುಳಿತಿತು.

"ಏನಕ್ಕಾ, ಒಬ್ಬಳೇ ಬಂದೆ? ಮಕ್ಕಳೆಲ್ಲಿ?" ಎಂದು ಹುಲ್ಲು ಕೇಳಿತು.

"ಬೆಳಿಗ್ಗೆ ಇದ್ದರು" ಎಂದಿತು ಸಿಗಡಿ.

ಆಮೇಲೆ ತಾನೇ ಮುಂದುವರಿಸಿತು: "ಇನ್ನೊಂದು ಗುಂಪು ಬರುವುದಿದೆ. ಹಿಡಿದುಕೊಳ್ಳಲು ಒಂದು ಎಳೆ ಇದ್ದರೆ ಸಾಕಿತ್ತು. ಮರ ಬೇಕೆಂದು ನಾನು ಕೇಳುತ್ತಿಲ್ಲ."

"ಆ ನಡುವಿನ ನೀರು ಯಾರದು?"

"ಯಾರದೂ ಅಲ್ಲವಂತೆ."

ಹುಲ್ಲು ಯೋಚಿಸಿತು. ಎದುರಿನ ಮರಳಿನ ಮೇಲೆ ಮೀನಿನ ಪಾಲು ಮುಗಿದು, ಎಲ್ಲರೂ ತಮ್ಮ ತಮ್ಮ ರಾಶಿ ತುಂಬಿಕೊಳ್ಳುತ್ತಿದ್ದರು. ಬೊಮ್ಮಯ್ಯನ ಹೆಂಡತಿ ಗಣಪಿ ಮಾತ್ರ ಸೊಂಟ ಬಗ್ಗಿಸಿ, ರಾಶಿಗಳ ನಡುವೆ ಚೆಲ್ಲಿದ್ದ ಸಣ್ಣ ಮೀನುಗಳನ್ನು ಆರಿಸಿ ಬುಟ್ಟಿಗೆ ಹಾಕುತ್ತಿದ್ದಳು.

"ಗಣಪಕ್ಕಾ, ಆ ಮೀನು ಯಾರ ಪಾಲಿನದು?" ಎಂದು ಹುಲ್ಲು ಕೂಗಿ ಕೇಳಿತು.

"ಯಾರ ಪಾಲಿನದೂ ಅಲ್ಲ" ಎಂದಳು ಗಣಪಿ, ತಲೆ ಎತ್ತದೆ. "ರಾಶಿಗಳ ನಡುವೆ ಬಿದ್ದದ್ದು ಬಗ್ಗಿದವರದು."

"ಎಲ್ಲಿಯವರೆಗೆ?"

"ಬಗ್ಗಿರುವವರೆಗೆ. ಒಮ್ಮೆ ತಲೆ ಎತ್ತಿ ನೆಟ್ಟಗೆ ನಿಂತರೆ ಸರದಿ ಮುಗಿಯಿತು, ಮುಂದಿನವಳು ಬರಬೇಕು. ಇಲ್ಲದಿದ್ದರೆ ಒಬ್ಬಳೇ ಎಲ್ಲ ಬಾಚಿಕೊಂಡು ಹೋಗುವುದಿಲ್ಲವಾ? ನಾದಿನಿ ಅಲ್ಲೇ ನಿಂತಿದ್ದಾಳೆ ನೋಡು, ನನ್ನ ಸೊಂಟ ಎಷ್ಟು ಹೊತ್ತಿಗೆ ಸೋಲುತ್ತದೆ ಎಂದು ಕಾಯುತ್ತಾ."

ನಾದಿನಿ ಬುಟ್ಟಿ ಹಿಡಿದು ನಿಜವಾಗಿಯೂ ಕಾಯುತ್ತಿದ್ದಳು.

ಹುಲ್ಲಿಗೆ ಇಷ್ಟು ಸಾಕಾಯಿತು. ಅದು ದಂಡೆಯ ಅಂಚಿನಿಂದ ಬೇರು ಬಿಡಿಸಿಕೊಂಡು ನೀರಿಗೆ ಇಳಿಯಿತು.

ಮೊದಲ ದಿನ ಉಪ್ಪು ಸುಟ್ಟಿತು. ಎರಡನೆಯ ದಿನವೂ ಸುಟ್ಟಿತು. ಆಮೇಲೂ ಸುಟ್ಟಿತು, ಆದರೆ ಹುಲ್ಲು ಅದನ್ನು ಗಮನಿಸುವುದನ್ನು ಬಿಟ್ಟಿತು. ಕೆಸರಿನಲ್ಲಿ ಬೇರು ಇಳಿಸಿತು. ಬೇರಿನಿಂದ ಪಕ್ಕಕ್ಕೆ ಇನ್ನೊಂದು ಬೇರು ಚಾಚಿತು. ಎಲೆಗಳನ್ನು ತೆಳ್ಳಗೆ, ಉದ್ದಕ್ಕೆ ಮಾಡಿಕೊಂಡು ಬಗ್ಗಿಕೊಂಡಿತು.

ಹೊಳೆ ತಳ್ಳಿಕೊಂಡು ಬಂತು. "ಯಾರದು ನಡುದಾರಿಯಲ್ಲಿ?"

"ನಾನು. ಬಗ್ಗಿದ್ದೇನೆ" ಎಂದಿತು ಹುಲ್ಲು.

"ಬಗ್ಗಿದ್ದರೆ ಒಳ್ಳೆಯದೇ. ಕಡಲಿನ ಕಡೆಗೆ ಬಗ್ಗು" ಎಂದು ಹೊಳೆ ಅದನ್ನು ಪೂರ್ತಿ ಕೆಳಕ್ಕೆ ಬಾಗಿಸಿ ಹೋಯಿತು.

ಆಮೇಲೆ ಕಡಲು ನುಗ್ಗಿಕೊಂಡು ಬಂತು. "ಯಾರಿಗೆ ಬಗ್ಗಿದ್ದೀ ನೀನು? ಹೊಳೆಗಾ?"

"ಯಾರಿಗೂ ಅಲ್ಲ. ನೆಲಕ್ಕೆ."

"ಹಾಗಾದರೆ ಈ ಕಡೆ ಬಗ್ಗು" ಎಂದು ಕಡಲು ಅದನ್ನು ಮೇಲಕ್ಕೆ ಬಾಗಿಸಿತು.

ಹುಲ್ಲು ಹೇಳಿದ ಕಡೆಗೆಲ್ಲ ಬಗ್ಗಿತು. ಜಾಗ ಮಾತ್ರ ಬಿಡಲಿಲ್ಲ. ಬೇರು ಯಾವ ಕಡೆಗಿದೆ ಎಂದು ಇಬ್ಬರೂ ಕೇಳಲಿಲ್ಲ, ಅದೂ ಹೇಳಲಿಲ್ಲ.

ಸಿಗಡಿಯ ಮುಂದಿನ ಗುಂಪು ಬಂತು. ಉಬ್ಬರದಲ್ಲಿ ಮರಿಗಳು ಎಲೆಯ ಈ ಬದಿಯನ್ನು ಹಿಡಿದುಕೊಂಡವು, ಇಳಿತದಲ್ಲಿ ಆ ಬದಿಯನ್ನು ಹಿಡಿದುಕೊಂಡವು. ಸಂಜೆಯಾದರೂ ಇದ್ದವು. ಮಾರನೆಯ ಬೆಳಿಗ್ಗೆಯೂ ಇದ್ದವು. ಹೊರಗೆ ಬಾಯಿ ತೆರೆದು ಕಾಯುತ್ತಿದ್ದ ದೊಡ್ಡ ಮೀನುಗಳಿಗೆ ದವಡೆ ನೋಯತೊಡಗಿತು.

ತಮ್ಮಿಬ್ಬರಿಗೂ ಬೇಡವಾದ ಜಾಗದಲ್ಲಿ ಮೂರನೆಯವರು ಸುಖವಾಗಿದ್ದಾರೆ ಎಂದು ತಿಳಿದಾಗ ಹೊಳೆಗೂ ಕಡಲಿಗೂ ಆ ಜಾಗ ತುಂಬಾ ಬೇಕೆನಿಸಿತು. ಎರಡೂ ಸೇರಿ ಬೊಮ್ಮಯ್ಯನ ಮನೆ ಬಾಗಿಲಿಗೆ ಹೋದವು. ಬೊಮ್ಮಯ್ಯ ಎದ್ದು ಬರುವುದರೊಳಗೆ ಅಂಗಳಕ್ಕೆ ನೀರು ಬಂದಿತ್ತು.

"ನಡುವೆ ಜಾಗ ಬಿಟ್ಟದ್ದು ನೀನು!" ಎಂದಿತು ಕಡಲು.

ಬೊಮ್ಮಯ್ಯ ತಲೆ ಕೆರೆದುಕೊಂಡು ಒಳಗೆ ನೋಡಿದ. "ಏ ಗಣಪೀ, ನಡುವೆ ಬಿದ್ದದ್ದು ಯಾರದು?"

"ಬಗ್ಗಿದವರದು, ಬಗ್ಗಿರುವವರೆಗೆ" ಎಂದು ಒಳಗಿನಿಂದ ಉತ್ತರ ಬಂತು. "ಇದನ್ನು ಕೇಳಲು ನನ್ನ ಒಲೆಯ ಬುಡದವರೆಗೆ ನೀರು ತರಬೇಕಾಗಿತ್ತಾ?"

ಹೊಳೆ ಕಡಲಿನ ಮುಖ ನೋಡಿತು. ಕಡಲು ಹೊಳೆಯ ಮುಖ ನೋಡಿತು. ಜಗತ್ತು ತಯಾರಾದ ಮೇಲೆ ಮೊದಲ ಸಲ ಎರಡಕ್ಕೂ ಒಂದೇ ಮಾತು ಹೊಳೆಯಿತು.

"ಸರಿ" ಎಂದವು. "ಅದು ತಲೆ ಎತ್ತಿ ನೆಟ್ಟಗೆ ನಿಂತ ದಿನ ಅದರ ಸರದಿ ಮುಗಿಯುತ್ತದೆ. ಹೌದೋ ಅಲ್ಲವೋ?"

"ಹೌದು" ಎಂದಳು ಗಣಪಿ. ನಿಯಮ ನಿಯಮವೇ. ನಾದಿನಿಗೂ ಅದೇ, ಕಡಲಿಗೂ ಅದೇ.

ಅಂದಿನಿಂದ ಇಬ್ಬರೂ ಕಾಯತೊಡಗಿದರು. ಉಬ್ಬರ ಮುಗಿದು ಇಳಿತ ಶುರುವಾಗುವ ಮೊದಲು, ಇಳಿತ ಮುಗಿದು ಉಬ್ಬರ ಶುರುವಾಗುವ ಮೊದಲು, ತಳ್ಳುವುದನ್ನೂ ನುಗ್ಗುವುದನ್ನೂ ನಿಲ್ಲಿಸಿ ಉಸಿರು ಹಿಡಿದು ನೋಡುತ್ತಿದ್ದರು. ಬಾಗಿಸುವವರು ಯಾರೂ ಇಲ್ಲದಿದ್ದಾಗ ಯಾವ ಹುಲ್ಲು ತಾನೇ ನೆಟ್ಟಗೆ ನಿಲ್ಲುವುದಿಲ್ಲ?

ಆ ಹುಲ್ಲು ನಿಲ್ಲಲಿಲ್ಲ. ನಿಂತ ನೀರಿನಲ್ಲೂ ಬಗ್ಗಿಕೊಂಡೇ ಇತ್ತು.

ಆದರೆ ಹೂ ಬಿಡುವ ಕಾಲ ಬಂತು.

ಹುಲ್ಲಿಗೆ ಭಯವಾದದ್ದು ಆಗಲೇ. ಹೂವು ನೀರಿನ ಮೇಲಕ್ಕೆ ಹೋಗಬೇಕು. ಗಂಡು ಹೂವಿನ ಪುಡಿ ಅಲ್ಲೇ ತೇಲುತ್ತದೆ, ಅದು ತಾಗದೆ ಬೀಜ ಕಟ್ಟುವುದಿಲ್ಲ. ಬೀಜವಿಲ್ಲದಿದ್ದರೆ ತನ್ನ ಕಾಲ ಮುಗಿದ ಮೇಲೆ ಈ ಕೆಸರನ್ನು ಹಿಡಿಯುವವರಿಲ್ಲ. ಹೂವನ್ನು ಮೇಲೆತ್ತಲು ಎದ್ದು ನಿಂತರೆ ಜಾಗ ಇವತ್ತೇ ಹೋಯಿತು. ಎಲೆಗೆ ಜೋತುಬಿದ್ದಿದ್ದ ಸಿಗಡಿಯ ಮರಿಗಳಿಗೆ ಇನ್ನೂ ಮೀಸೆ ಕೂಡ ಸರಿಯಾಗಿ ಬಂದಿರಲಿಲ್ಲ.

"ಏನು ಮಾಡುತ್ತೀ, ತಂಗೀ?" ಎಂದು ಸಿಗಡಿ ಕೇಳಿತು.

"ನಿಲ್ಲುವುದಿಲ್ಲ" ಎಂದಿತು ಹುಲ್ಲು. "ಹೂವನ್ನೂ ಬಿಡುತ್ತೇನೆ."

"ಅದು ಹೇಗೆ?"

"ಅದನ್ನೇ ನೋಡುತ್ತಿದ್ದೇನೆ."

ಹುಲ್ಲು ನಿಜವಾಗಿಯೂ ನೋಡುತ್ತಿತ್ತು. ತಲೆಯ ಮೇಲೆ ಬೊಮ್ಮಯ್ಯನ ದೋಣಿ ನಿಂತಿತ್ತು. ಬೊಮ್ಮಯ್ಯ ಗಾಳ ಹಾಕಿ, ಬೆನ್ನು ಬಗ್ಗಿಸಿ, ಅರ್ಧ ನಿದ್ದೆಯಲ್ಲಿದ್ದ. ದಾರ ಮಾತ್ರ ಅವನ ಕೈಯಿಂದ ಇಳಿದು ನೀರಿನೊಳಗೆ ಎಲ್ಲೆಲ್ಲೋ ಹೋಗಿ ಬರುತ್ತಿತ್ತು. ಮೀನು ಕಚ್ಚಿದಾಗ ಅವನು ಏಳಲಿಲ್ಲ. ಕುಳಿತಲ್ಲೇ ದಾರವನ್ನು ಕೈಗೆ ಸುರುಳಿ ಸುರುಳಿಯಾಗಿ ಸುತ್ತಿಕೊಂಡ. ಮೀನು ತಾನಾಗಿ ಅವನ ಬಳಿಗೆ ಬಂತು.

ಅಂದಿನಿಂದ ಹುಲ್ಲು ದಾರ ಮಾಡತೊಡಗಿತು. ಹೂವಿನ ದಂಟನ್ನು ಎಳೆದು ಎಳೆದು ತೆಳ್ಳಗೆ, ಉದ್ದಕ್ಕೆ ಮಾಡಿತು. ಮೊದಲ ದಂಟು ಸಾಲಲಿಲ್ಲ. ಎರಡನೆಯದು ಉಬ್ಬರಕ್ಕೆ ತುಂಡಾಯಿತು. ಹುಲ್ಲು ಮೂರನೆಯದನ್ನು ಶುರುಮಾಡಿತು.

ಉಬ್ಬರ ಮುಗಿದು ನೀರು ನಿಂತಿತು. ಹೊಳೆ ಮತ್ತು ಕಡಲು ಉಸಿರು ಹಿಡಿದವು. ಹುಲ್ಲು ಕೆಸರಿಗೆ ಮೈ ಚೆಲ್ಲಿ ಮಲಗಿಕೊಂಡು ದಾರ ಬಿಟ್ಟಿತು. ದಾರದ ತುದಿಯ ಪುಟ್ಟ ಹೂವು ಮೇಲೆ, ಮೇಲೆ, ಇನ್ನೂ ಮೇಲೆ ಹೋಗಿ ನೀರಿನ ಮುಖ ಮುಟ್ಟಿತು. ಪುಡಿ ತೇಲಿ ಬಂದು ತಾಗಿತು. ಹುಲ್ಲು ತಕ್ಷಣ ದಾರವನ್ನು ಸುರುಳಿ ಸುರುಳಿಯಾಗಿ ಸುತ್ತಿ, ಹೂವನ್ನು ಕೆಳಗೆ ಎಳೆದುಕೊಂಡಿತು.

"ಎತ್ತಿತು! ತಲೆ ಎತ್ತಿತು!" ಎಂದು ಕಡಲು ಕೂಗಿತು.

"ನಾನೂ ನೋಡಿದೆ!" ಎಂದಿತು ಹೊಳೆ.

ಇಬ್ಬರೂ ಗಣಪಿಯನ್ನು ಕರೆತಂದರು. ಗಾಳ ಹಾಕಿ ತೂಕಡಿಸುತ್ತಿದ್ದ ಬೊಮ್ಮಯ್ಯನ ದೋಣಿ ಹತ್ತಿ, ಗಣಪಿ ಅಂಚಿನಿಂದ ನೀರಿನೊಳಗೆ ಇಣುಕಿದಳು. ಹುಲ್ಲು ಬಗ್ಗಿಕೊಂಡಿತ್ತು. ಬುಡದಲ್ಲಿ ಒಂದು ಸುರುಳಿ ಇತ್ತು. ಸುರುಳಿಯ ತುದಿಯಲ್ಲಿ ಕಾಯಿ ಕಟ್ಟತೊಡಗಿತ್ತು.

"ಬಗ್ಗಿಯೇ ಇದೆಯಲ್ಲ" ಎಂದಳು.

"ಹೂವು ಮೇಲೆ ಬಂದಿತ್ತು!"

"ಹೂವು ಬಂದಿರಬಹುದು, ಹುಲ್ಲು ಬಂತಾ?" ಎಂದಳು ಗಣಪಿ. "ಗಾಳ ನೀರಿಗೆ ಹೋದರೆ ನನ್ನ ಗಂಡ ನೀರಿಗೆ ಹೋದ ಹಾಗಾ? ಗಾಳ ದಿನವಿಡೀ ದುಡಿಯುತ್ತದೆ. ಈ ಮನುಷ್ಯ ಕೂತಲ್ಲಿಂದ ಏಳುವುದಿಲ್ಲ. ಎಬ್ಬಿಸಲು ನಾನೇ ಬರಬೇಕು."

ಬೊಮ್ಮಯ್ಯನಿಗೆ ಎಚ್ಚರವಾಗಿತ್ತು. ಅವನು ಕಣ್ಣು ತೆರೆಯಲಿಲ್ಲ.

"ಜಾಗ ಹುಲ್ಲಿನದು" ಎಂದಳು ಗಣಪಿ. "ಅದು ತಲೆ ಎತ್ತುವವರೆಗೆ."

ಹೊಳೆಗೂ ಕಡಲಿಗೂ ಒಪ್ಪಿಗೆಯಾಗಲಿಲ್ಲ. ಆದರೆ ಮಾತು ಕೊಟ್ಟದ್ದು ಅವುಗಳೇ. ಎರಡೂ ವಾಪಸು ಹೋಗಿ ಕಾಯತೊಡಗಿದವು. ಎಂದಾದರೂ ಒಂದು ದಿನ ಅದಕ್ಕೆ ಸೊಂಟ ನೋಯಲೇಬೇಕಲ್ಲ ಎಂಬುದು ಅವುಗಳ ಲೆಕ್ಕ.

ಕಾಯಿ ಒಡೆದು ಬೀಜ ಕೆಸರಿಗೆ ಬಿತ್ತು. ಬೀಜದಿಂದ ಮೊಳೆತ ಹುಲ್ಲು, ಯಾರೂ ಹೇಳಿಕೊಡುವ ಮೊದಲೇ, ಬಗ್ಗಿಕೊಂಡಿತು.

ನೀನು ಅಳಿವೆಯಲ್ಲಿ ದೋಣಿ ದಾಟುವಾಗ ಅಂಚಿನಿಂದ ಇಣುಕಿ ನೋಡು. ಇಳಿತದಲ್ಲಿ ಆ ಹುಲ್ಲು ಕಡಲಿನ ಕಡೆಗೆ ಬಗ್ಗಿರುತ್ತದೆ, ಉಬ್ಬರದಲ್ಲಿ ಬೆಟ್ಟದ ಕಡೆಗೆ ಬಗ್ಗಿರುತ್ತದೆ, ಎಲೆಎಲೆಗೂ ಸಿಗಡಿಯ ಮರಿಗಳು ಜೋತುಬಿದ್ದಿರುತ್ತವೆ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಒಂದಷ್ಟು ಹೊತ್ತು ನೀರು ಅಲ್ಲಾಡದೆ ನಿಂತರೆ, ಹೊಳೆ ಮತ್ತು ಕಡಲು ಉಸಿರು ಹಿಡಿದು ಅದನ್ನೇ ನೋಡುತ್ತಿವೆ ಎಂದು ತಿಳಿ. ಹುಲ್ಲು ಮಾತ್ರ ಇವತ್ತಿಗೂ ತಲೆ ಎತ್ತಿಲ್ಲ, ಕೆಸರಿನಲ್ಲಿ ಬಗ್ಗಿಕೊಂಡೇ, ಹೂವನ್ನು ದಾರದ ಮೇಲೆ ಕಳಿಸಿ, ಸುರುಳಿ ಸುತ್ತಿ ಮನೆಗೆ ಕರೆಸಿಕೊಳ್ಳುತ್ತಿದೆ.