ಸವೆದ ಬುಷ್ಷು, ಪಳಗಿದ ಕೈ

“ತಿದ್ದಿಕೊಂಡವನನ್ನು ತಿದ್ದಿಕೊಂಡಿದ್ದಾನೆ ಎಂದು ಒಪ್ಪದವರ ಜೊತೆ ಬಾಳುವುದು ಹೇಗೆ, ಅಜ್ಜಾರ?”

ಮುರಿಗೆಪ್ಪ ಈ ಪ್ರಶ್ನೆಯನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ತಿದ್ದಿ ತೀಡಿಕೊಂಡು ಮಠದ ಗುರುಗಳಾದ ಅಜ್ಜನವರ ಹತ್ತಿರ ಬಂದಿದ್ದ. ಅವನು ಹೈಸ್ಕೂಲಿನ ಹೆಡ್‌ಮಾಸ್ತರ. ಒಂದು ಮಾತು ಹೆಚ್ಚು ಆಡುವವನಲ್ಲ, ಆಡಿದ ಮಾತಿಗೆ ತಪ್ಪುವವನೂ ಅಲ್ಲ. ಅವನ ಸಿಟ್ಟು ಊರಿಗೆಲ್ಲ ಗೊತ್ತಿತ್ತು. ಎಲ್ಲರಿಗಿಂತ ಚೆನ್ನಾಗಿ ಅದು ಗೊತ್ತಿದ್ದದ್ದು ಅವನ ಹೆಂಡತಿ ನೀಲವ್ವನಿಗೆ. ಹೋದ ದೀಪಾವಳಿಯ ಹೊತ್ತಿಗೆ ಡಾಕ್ಟರು ಅವನ ಬಿ.ಪಿ. ನೋಡಿ, ಹೀಗೇ ಕೂಗಾಡಿದರೆ ಒಂದು ದಿನ ಕೂಗುತ್ತಲೇ ಬೀಳುತ್ತೀರಿ ಎಂದರು. ಅಂದಿನಿಂದ ಮುರಿಗೆಪ್ಪ ದನಿ ಏರಿಸಿಲ್ಲ. ಒಮ್ಮೆಯೂ ಇಲ್ಲ.

“ನಾನು ಬದಲಾಗೀನಿ. ಅಕಿ ಬದಲಾಗಿಲ್ಲ,” ಎಂದ. “ನಿನ್ನೆ ಹಾಲು ಉಕ್ಕಿ ಚೆಲ್ಲಿತು. ಬೆಕ್ಕು ಚೆಲ್ಲಿತು ಅಂದಳು. ನಮ್ಮ ಓಣಿಯೊಳಗ ಬೆಕ್ಕೇ ಇಲ್ಲ. ಸುಳ್ಳು ಯಾಕ ಹೇಳತಿ ಅಂತ ಮೆಲ್ಲಕ ಕೇಳಿದೆ, ಅಷ್ಟ. ಗೋಡೆಗೆ ಆತು ನಿಂತುಬಿಟ್ಟಳು, ಹೊಡೆತಕ್ಕ ಕಾದು ನಿಂತವರ ಹಂಗ. ನನ್ನನ್ನ ಇನ್ನೂ ರಾಕ್ಷಸ ಅಂತ ತಿಳಿಯೂದಾದರ ತವರಿಗೆ ಹೋಗು ಅಂದೀನಿ. ನಾಳೆ ಮುಂಜಾನಿ ಬಸ್ಸಿಗೆ ಹೊಂಟಾಳ. ತಾವು ಹೂಂ ಅಂದರ ನನ್ನ ಮನಸ್ಸಿಗೂ ಸಮಾಧಾನ.”

ಅಜ್ಜನವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. “ಒಂದು ಟ್ರ್ಯಾಕ್ಟರಿನ ಮಾತು ಹೇಳತೀನಿ, ಕೇಳು,” ಎಂದರು.

ಹೆಂಡತಿಯ ಮಾತಿಗೆ ಬಂದರೆ ಇವರು ಟ್ರ್ಯಾಕ್ಟರು ತಂದರಲ್ಲ ಎಂದು ಮುರಿಗೆಪ್ಪನಿಗೆ ಒಳಗೊಳಗೇ ಅನಿಸಿತು. ಆದರೆ ಗುರುಗಳ ಮಾತಿಗೆ ಅಡ್ಡ ಬರುವುದು ಅವನ ಪದ್ಧತಿಯಲ್ಲ. ಕೈಕಟ್ಟಿ ಕೂತ.

ಅಜ್ಜನವರು ಹೇಳಿದರು:

ಒಬ್ಬ ರೈತನಿಗೆ ದ್ರಾಕ್ಷಿ ತೋಟವಿತ್ತು. ಸಾಲುಗಳ ನಡುವೆ ಹಾದು ಔಷಧಿ ಹೊಡೆಯಲು ಒಂದು ಸಣ್ಣ ಟ್ರ್ಯಾಕ್ಟರು ಇತ್ತು, ಹಳೆಯದು. ಅದನ್ನು ಓಡಿಸಲು ಒಬ್ಬ ಡ್ರೈವರ ಇದ್ದ.

ರೈತ ಬಹಳ ಅಚ್ಚುಕಟ್ಟಿನ ಮನುಷ್ಯ. ಮುಂದಿನ ಗಾಲಿಗಳ ಅಚ್ಚಿಗೆ ಗ್ರೀಸು ತುಂಬಿದರೆ ಹೊರಗೆ ಒಸರುತ್ತದೆ, ಒಸರಿದ್ದಕ್ಕೆ ಮಣ್ಣು ಮೆತ್ತುತ್ತದೆ, ಟ್ರ್ಯಾಕ್ಟರು ಹೊಲಸಾಗುತ್ತದೆ ಎಂದು ಅವನು ಗ್ರೀಸು ಹಾಕಗೊಡುತ್ತಿರಲಿಲ್ಲ. ಹಾಕಿದರೆ ಒರೆಸಿಸುತ್ತಿದ್ದ. ನೋಡಿದವರ ಕಣ್ಣಿಗೆ ಆ ಹಳೆಯ ಟ್ರ್ಯಾಕ್ಟರು ಮದುಮಗನ ಹಾಗೆ ಕಾಣುತ್ತಿತ್ತು. ಮುಂದಿನ ಗಾಲಿ ಒಂದು ಪಿನ್ನಿನ ಮೇಲೆ ಹೊರಳುತ್ತದೆ. ಆ ಪಿನ್ನಿನ ಸುತ್ತ ಬಳೆಯಂಥ ಬುಷ್ಷು ಇರುತ್ತದೆ. ಗ್ರೀಸು ಕಾಣದೆ ಅವೆರಡೂ ಒಂದನ್ನೊಂದು ತಿನ್ನತೊಡಗಿದವು. ಅದು ಹೊರಗೆ ಕಾಣುವಂಥದ್ದಲ್ಲ.

ಸ್ಟೇರಿಂಗು ಸಡಿಲಾಯಿತು. ತಿರುಗಿಸಿದರೆ ಅರ್ಧ ಸುತ್ತು ಖಾಲಿ ಹೋಗಿ, ಆಮೇಲೆ ಗಾಲಿ ಹೊರಳುತ್ತಿತ್ತು.

“ಸಾವ್ಕಾರ್ರ, ಮುಂದಿನ ಗಾಲಿ ಅಲ್ಲಾಡತಾವ್ರಿ. ಅಚ್ಚು ಬಿಚ್ಚಿ ನೋಡಿಸಬೇಕ್ರಿ,” ಎಂದ ಡ್ರೈವರ.

“ನಡೀತೈತಲ್ಲ? ಹೊಡಿ,” ಎಂದ ರೈತ.

ಹೀಗೆ ಎಷ್ಟೋ ಸಲ ಕೇಳಿಸಿಕೊಂಡು ಬೇಸತ್ತು, ಒಂದು ದಿನ ರೈತ ತಾನೇ ಪಾನಾ ಹಿಡಿದು ಸ್ಟೇರಿಂಗಿನ ಪೆಟ್ಟಿಗೆಯ ಮೇಲಿನ ತಿರುಪನ್ನು ಬಿಗಿದ. ಸವೆದದ್ದು ಕೆಳಗೆ, ಬಿಗಿದದ್ದು ಮೇಲೆ. ಸಡಿಲು ಇದ್ದಲ್ಲೇ ಉಳಿಯಿತು. ಸ್ಟೇರಿಂಗು ಮಾತ್ರ ಕಲ್ಲಾಯಿತು. ಆ ಭಾರ ಬಿದ್ದದ್ದು ಡ್ರೈವರನ ರಟ್ಟೆಗೆ.

ಡ್ರೈವರ ಕೇಳುವುದನ್ನು ಬಿಟ್ಟ, ಕಲಿಯತೊಡಗಿದ. ಸಾಲಿನ ಕೊನೆಯಲ್ಲಿ ಹೊರಳಬೇಕಾದರೆ ಎರಡು ಗಿಡ ಮೊದಲೇ ಎಳೆಯುವುದನ್ನು ಕಲಿತ. ನೆಟ್ಟಗೆ ಹೋಗಬೇಕಾದರೆ ಸ್ಟೇರಿಂಗನ್ನು ಸದಾ ಬಲಕ್ಕೆ ಜಗ್ಗಿ ಹಿಡಿಯುವುದನ್ನು ಕಲಿತ. ಟ್ರ್ಯಾಕ್ಟರು ಯಾವಾಗ ಎತ್ತ ಓಲುತ್ತದೆ ಎಂಬುದು ಅದು ಓಲುವ ಮೊದಲೇ ಅವನ ಅಂಗೈಗೆ ಗೊತ್ತಾಗುತ್ತಿತ್ತು. “ಏನೋ, ನಿಮ್ಮ ಟ್ರ್ಯಾಕ್ಟರು ಮುಂಜಾನೇನ ಕುಡದು ಬರತೈತೇನು?” ಎಂದು ಪಕ್ಕದ ತೋಟದವರು ಕಿಚಾಯಿಸಿದರೆ ಅವನೂ ನಗುತ್ತಿದ್ದ. ಆದರೆ ಒಂದು ಗಿಡಕ್ಕೂ ಗಾಲಿ ತಾಗಿಸಲಿಲ್ಲ. ನನ್ನ ಟ್ರ್ಯಾಕ್ಟರಿಗೆ ಇನ್ನೂ ಏನೂ ಆಗಿಲ್ಲ ಎಂದು ರೈತ ಬಂದವರೆದುರು ಹೇಳಿಕೊಳ್ಳುತ್ತಿದ್ದ. ಅದು ಕೈಯ ಗುಣ. ಅವನು ಅದನ್ನು ಗಾಡಿಯ ಗುಣ ಎಂದುಕೊಂಡಿದ್ದ.

ಒಂದು ದಿನ ಡ್ರೈವರ ರಜೆ ಹಾಕಿದ. ರೈತ ತಾನೇ ಹತ್ತಿ ಕಾಲುವೆಯ ಏರಿಯ ಮೇಲೆ ಹೊರಟ. ತಿರುವಿನಲ್ಲಿ ಸ್ಟೇರಿಂಗು ತಿರುಗಿಸಿದ. ಕೈ ತಿರುಗಿತು, ಗಾಲಿ ತಿರುಗಲಿಲ್ಲ. ಹೇಗೋ ಬ್ರೇಕು ಒತ್ತಿದಾಗ ಮುಂದಿನ ಒಂದು ಗಾಲಿ ನೀರಿನ ಮೇಲೆ ತೂಗುತ್ತಿತ್ತು. ಕೆಳಗಿಳಿದು ಬಹಳ ಹೊತ್ತು ಏರಿಯ ಮೇಲೆ ಕೂತ.

ಮರುದಿನವೇ ಮಿಸ್ತ್ರಿ ಬಂದ. ಜಾಕು ಕೊಟ್ಟು ಮುಂಭಾಗ ಎತ್ತಿ, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ. ಹಲ್ಲು ಅಲ್ಲಾಡಿದ ಹಾಗೆ ಅಲ್ಲಾಡಿತು. ಹೊಸ ಪಿನ್ನು, ಹೊಸ ಬುಷ್ಷು ಕೂರಿಸಿದ. ಗಾಲಿಗಳನ್ನು ಜೋಡಿಸುವ ರಾಡಿನ ಎರಡೂ ತುದಿ ಬದಲಿಸಿದ. ಸುಮ್ಮನೆ ಬಿಗಿದಿದ್ದ ತಿರುಪನ್ನು ಎಷ್ಟು ಬೇಕೋ ಅಷ್ಟಕ್ಕೆ ಸಡಿಲಿಸಿದ. ಗ್ರೀಸು ಒಸರುವ ತನಕ ತುಂಬಿದ. ಈ ಸಲ ರೈತ ಒರೆಸಿ ಎನ್ನಲಿಲ್ಲ.

ಡ್ರೈವರ ಬಂದ. ರೈತ ತಾನೇ ಕೀಲಿಕೈ ಕೊಟ್ಟ. ಡ್ರೈವರ ಹತ್ತಿ ಮೊದಲ ಸಾಲಿಗೆ ಇಳಿದ. ಸಾಲು ಮುಗಿಯುವ ಎರಡು ಗಿಡ ಮೊದಲೇ, ಎಂದಿನ ಹಾಗೆ, ಕೈ ಎಳೆಯಿತು. ಗಾಲಿ ಆ ಕ್ಷಣವೇ ಮಾತು ಕೇಳಿತು. ಟ್ರ್ಯಾಕ್ಟರು ಸಾಲಿನೊಳಗೆ ನುಗ್ಗಿತು. ಕಂಬ ಮುರಿಯಿತು, ತಂತಿ ಹರಿಯಿತು, ಕೊಯ್ಲಿಗೆ ಬಂದ ಗೊನೆಗಳು ಗಾಲಿಯ ಕೆಳಗೆ ಸಿಕ್ಕವು.

ರೈತ ಓಡಿ ಬಂದ. “ಸಡಿಲ ಇದ್ದಾಗ ನೆಟ್ಟಗ ಹೊಡದಿ. ನೆಟ್ಟಗ ಮಾಡಿಸಿ ಕೊಟ್ರ ಗಿಡಕ್ಕ ಹೊಡೀತಿ. ನನ್ನ ಮ್ಯಾಲಿನ ಹಗೆ ತೀರಿಸ್ಕೊಳ್ಳಾಕತ್ತಿಯೇನು?”

“ಹಗೆ ಇಲ್ರಿ ಸಾವ್ಕಾರ್ರ. ಗಾಡಿ ಬ್ಯಾರೆ ಆಗೈತಿ ಅಂತ ನನಗ ಗೊತ್ತೈತ್ರಿ. ಕೈಗಿನ್ನೂ ಗೊತ್ತಾಗಿಲ್ರಿ,” ಎಂದ ಡ್ರೈವರ. “ಆಚೆ ಬಯಲೊಳಗ ನಾಕು ದಿನ ಸುಮ್ಮನ ಹೊಡ್ಯಾಕ ಬಿಡ್ರಿ. ಅಲ್ಲಿ ಗಿಡ ಇಲ್ಲ, ಕಂಬ ಇಲ್ಲ. ತಪ್ಪಿದ್ರೂ ಏನೂ ಮುರಿಯೂದಿಲ್ರಿ.”

“ನಾ ಮಾಡೂದು ನಾ ಮಾಡೀನಿ,” ಎಂದ ರೈತ. “ನಾಳಿಂದ ಬರಬ್ಯಾಡ.”

ಅಜ್ಜನವರು ಇಲ್ಲಿಗೆ ನಿಲ್ಲಿಸಿದರು.

ಮುರಿಗೆಪ್ಪ ಮುಂದಿನದಕ್ಕೆ ಕಾದ. ಮುಂದೆ ಏನೂ ಬರಲಿಲ್ಲ. ಅಷ್ಟಕ್ಕೇ ಬಿಡುವುದು ಅವನಿಂದಾಗಲಿಲ್ಲ. ತಪ್ಪು ಕಂಡಲ್ಲಿ ತಪ್ಪು ಎಂದು ಹೇಳಿಯೇ ರೂಢಿಯಾದ ನಾಲಿಗೆ ಅವನದು.

“ಇದು ನ್ಯಾಯ ಅಲ್ಲ, ಅಜ್ಜಾರ,” ಎಂದ. “ಆ ಕೈಗೆ ಸೊಟ್ಟ ಕಲಿಸಿದವ ಆ ರೈತನೇ. ಅಷ್ಟು ವರ್ಷ ಆ ಸೊಟ್ಟದ ಮ್ಯಾಲೆ ತೋಟ ಉಳಿಸಿಕೊಂಡವನೂ ಅವನ. ರಿಪೇರಿ ಮಾಡಿಸಿದ್ದು ಡ್ರೈವರನ ಮಾತಿಗಲ್ಲ, ತನ್ನ ಜೀವದ ಅಂಜಿಕೆಗೆ. ಪಾಪ, ಆ ಡ್ರೈವರ ಕೇಳಿದ್ದಾದರೂ ಏನು? ತಪ್ಪಿದರೂ ಏನೂ ಮುರಿಯದಂಥ ಒಂದು ಬಯಲು. ಅಷ್ಟೂ ಕೊಡದವ ಯಾವ ಬಾಯಿಂದ ಹೋಗು ಅಂದಾನು?”

ಅಜ್ಜನವರು ಅವನ ಮುಖವನ್ನೇ ನೋಡಿದರು.

“ನೀಲವ್ವಗ ಆ ಬಯಲು ಕೊಟ್ಟೀಯೇನು, ಮುರಿಗೆಪ್ಪ?”