ನೋಡುಗಲ್ಲಿನ ಸ್ವಾಮಿ ಅಂಗೈಗೆ ಕಾಣಿಸಿದ್ದು

ಭಕ್ತಮಹಾಶಯರೇ, ಈ ಕ್ಷೇತ್ರದಲ್ಲಿ ಯಾವ ಋಷಿಯೂ ತಪಸ್ಸು ಮಾಡಲಿಲ್ಲ, ಯಾವ ಅಸುರನೂ ಸಾಯಲಿಲ್ಲ. ಇದು ಪಾವನವಾದದ್ದು ಮೂವರು ಗೆಳೆಯರ ಹಟದಿಂದ ಎಂದು ಮೊದಲೇ ಅರಿಕೆ ಮಾಡಿಬಿಡುತ್ತೇನೆ. ದ್ವಾಪರಯುಗಾಂತ್ಯದಲ್ಲಿ ನಮ್ಮ ಈ ಜ್ಯೋತಿಗಿರಿಯಿಂದ ಬಹುದೂರದ ಹುಲ್ಲುಗಾವಲುಗಳಲ್ಲಿ ಗೋಪಾಲನವೃತ್ತಿಯಿಂದ ಬಾಳುತ್ತಿದ್ದ ಸಿರಿಯಣ್ಣ, ಕಾಟಯ್ಯ, ಮಾಳಿಗ ಎಂಬ ಬಾಲ್ಯಸ್ನೇಹಿತರಲ್ಲಿ ಸಿರಿಯಣ್ಣನ ದೃಷ್ಟಿಯು ದಿನೇದಿನೇ ಕ್ಷೀಣಿಸತೊಡಗಲು, ಕಾರ್ತಿಕ ಪೌರ್ಣಮಿಯ ಅರುಣೋದಯದಲ್ಲಿ ಈ ಗಿರಿಶಿಖರದ ಮೇಲೆ ತೇಜೋರೂಪನಾಗಿ ತೋರುವ ಪರಶಿವನನ್ನು ಪೂರ್ತಿ ಕತ್ತಲಾಗುವ ಮುನ್ನ ಒಮ್ಮೆ ಕಣ್ತುಂಬಿಕೊಳ್ಳಬೇಕೆಂಬುದೊಂದೇ ಅವನ ಆಸೆಯಾಯಿತು. "ಹೊರಡು ಮಾರಾಯ, ತೋರಿಸಿಯೇ ಬಿಡೋಣ" ಎಂದು ಉಳಿದಿಬ್ಬರೂ ಬುತ್ತಿ ಕಟ್ಟಿದರು.

ಹೋಗುವುದೇನೋ ಹೋಗುತ್ತೇವೆ, ದಾರಿಯಲ್ಲಿರುವುದನ್ನೇಕೆ ಬಿಡಬೇಕೆಂದು ಹಾಲುಧಾರೆಯ ಜಲಪಾತವನ್ನೂ, ಗಾಳಿಗೆ ಅಲುಗಾಡಿದರೂ ಉರುಳದ ತೂಗುಬಂಡೆಯನ್ನೂ, ಬಾವಲಿಗಳ ಗವಿಯನ್ನೂ ನೋಡುತ್ತ ನಡೆದರು. ಗವಿಯಲ್ಲಿ ತಲೆ ಚಚ್ಚಿಕೊಂಡ ಕಾಟಯ್ಯನನ್ನು ಸಿರಿಯಣ್ಣನೇ "ಕಣ್ಣಿದ್ದೂ ನಿನ್ನದು ಈ ಪಾಡು!" ಎಂದು ದಾರಿಯುದ್ದಕ್ಕೂ ರೇಗಿಸಿದನು. ಅವರ ಕುಲದಲ್ಲೊಂದು ಪದ್ಧತಿಯಿತ್ತು. ಯಾವ ಅದ್ಭುತದ ಸಮೀಪಕ್ಕೆ ಬಂದರೂ ಜತೆಗಾರರೆಲ್ಲ ಕಣ್ಣು ಮುಚ್ಚಿ ಕೈಕೈ ಹಿಡಿದು ಹೋಗಿ ನಿಲ್ಲಬೇಕು. ಯಾರಿಗಾಗಿ ಪಯಣವೋ ಅವನು ಮೊದಲು ಕಣ್ತೆರೆದು "ಕಂಡೆ" ಎಂದ ಮೇಲೆಯೇ ಉಳಿದವರು ತೆರೆಯಬೇಕು.

ಅಂತೆಯೇ ಪೌರ್ಣಮಿಯ ಬೆಳಗಿನಲ್ಲಿ, ಕಡೆಯ ತಿರುವಿನಿಂದ ಕಣ್ಣು ಮುಚ್ಚಿ, ತಡವರಿಸುತ್ತ ಶಿಖರವನ್ನೇರಿ ಮೂವರೂ ನಿಂತರು. ಸಿರಿಯಣ್ಣನು ರೆಪ್ಪೆ ತೆರೆದನು. ಮುಚ್ಚಿದಾಗಿನ ಕತ್ತಲೆಯು ಹಾಗೆಯೇ ಇತ್ತು; ಉಳಿದಿದ್ದ ದೃಷ್ಟಿಯೂ ಆರಿಹೋಗಿತ್ತು. ಆ ಮಹಾನುಭಾವನು ತನ್ನ ಸಂಕಟವನ್ನು ನುಂಗಿಕೊಂಡು, ಗೆಳೆಯರಿಗಾದರೂ ದರ್ಶನವಾಗಲೆಂದು, "ಕಂಡೆ" ಎಂದನು.

ಧ್ವನಿ ನಡುಗಿತ್ತು. ಜತೆಯಲ್ಲೇ ಬೆಳೆದವರಿಗೆ ಅಷ್ಟು ಸಾಕಲ್ಲವೇ?

"ಸುಳ್ಳು ಹೇಳಬೇಡ" ಎಂದನು ಕಾಟಯ್ಯ.

"ನನ್ನ ಹಣೆಬರಹ ನನಗಿರಲಿ, ನೀವು ಕಣ್ಣು ಬಿಡ್ರೋ! ಹೊತ್ತು ಮೀರುತ್ತದೆ" ಎಂದು ಸಿರಿಯಣ್ಣ ಬೈದನು, ಕೈಮುಗಿದನು, ಕೊನೆಗೆ ಅತ್ತನು.

"ನೀನು ಕಾಣದ್ದು ನಮಗೂ ಬೇಡ" ಎಂದು ಮಾಳಿಗನು ಅಲ್ಲಿಯೇ ಕುಳಿತುಬಿಟ್ಟನು. ಎದುರಿಗೆ ಕೋಟಿಸೂರ್ಯಪ್ರಕಾಶನಾದ ಸ್ವಾಮಿಯು ಬಂದು ನಿಂತು, ಮುಚ್ಚಿದ ರೆಪ್ಪೆಗಳ ಮೇಲೆ ಆ ಬೆಳಕು ಬಿದ್ದು ಮುಖ ಸುಡುತ್ತಿದ್ದರೂ ಇಬ್ಬರೂ ಜಗ್ಗಲಿಲ್ಲ. ದೇವಾದಿದೇವನನ್ನೇ ಕಾಯಿಸಿದರೆಂದರೆ ಎಂಥ ಗಟ್ಟಿಗರಿರಬೇಕು!

ಆಗ ಆಕಾಶವಾಣಿಯಾಯಿತು: "ಎಲೈ ಗೋಪಾಲಕರೇ, ಹಂಚಿಕೊಳ್ಳಲಾಗದ ದರ್ಶನವನ್ನು ನೀವು ಒಲ್ಲೆವೆಂದ ಮೇಲೆ ಈ ತೇಜಸ್ಸಿನಿಂದ ನನಗೇನು ಪ್ರಯೋಜನ? ಇಗೋ, ಇದನ್ನು ತ್ಯಜಿಸಿದ್ದೇನೆ. ಸಿರಿಯಣ್ಣಾ, ಕೈ ಚಾಚು."

ಚಾಚಿದ ಅಂಗೈಗೆ ತಂಪಾದ ಶಿಲೆಯೊಂದು ತಗುಲಿತು. ಪಾದ ಸಿಕ್ಕಿತು, ಮಡಿಸಿದ ಮೊಣಕಾಲು ಸಿಕ್ಕಿತು, ಜಟೆ ಸಿಕ್ಕಿತು. ಬೆರಳು ತುಟಿಯ ಮೇಲೆ ಬಂದಾಗ ಸ್ವಾಮಿಯು ಮುಗುಳ್ನಗುತ್ತಿರುವುದೂ ತಿಳಿಯಿತು. "ಕಂಡೆ" ಎಂದು ಸಿರಿಯಣ್ಣ ಕೂಗಿದ ಕೂಗು ಕಣಿವೆಯಾಚೆಗೂ ಕೇಳಿಸಿತಂತೆ. ಗೆಳೆಯರು ಕಣ್ತೆರೆದು ನೋಡಿದರೆ ಬರಿಯ ಒರಟು ಬಂಡೆ! ಪುನಃ ಕಣ್ಣು ಮುಚ್ಚಿ, ಸಿರಿಯಣ್ಣನು ಹಿಡಿದೊಯ್ದ ಕಡೆಗೆ ಕೈಯಿಟ್ಟ ಮೇಲೆಯೇ ಅವರಿಗೂ ಸ್ವಾಮಿ ಸಿಕ್ಕಿದ್ದು.

ಆ ಬಂಡೆಯೇ ಶಿಖರದ ಮೇಲೆ ಇಂದಿಗೂ ಇರುವ ನೋಡುಗಲ್ಲು. ಕಾರು ನಿಲ್ಲಿಸಿ ಓಡಿಬಂದು, ಫೋಟೊ ಹೊಡೆದುಕೊಂಡು, "ಇಷ್ಟೇನಾ?" ಎಂದು ಇಳಿದುಹೋಗುವವರಿಗೆ ನಾವೇನು ಹೇಳೋಣ? ಸ್ವಲ್ಪ ನಿಲ್ಲಿರಿ, ಕಣ್ಣು ಮುಚ್ಚಿರಿ, ಎಂದಷ್ಟೇ ನಮ್ಮ ಪ್ರಾರ್ಥನೆ. ಕಾರ್ತಿಕ ಪೌರ್ಣಮಿಯ ಬೆಳಗಿನಲ್ಲಿ ಇಲ್ಲಿ ಪ್ರಥಮ ದರ್ಶನವು ಕಣ್ಣಿಲ್ಲದವರಿಗೇ ಸಲ್ಲುತ್ತದೆ. ಉಳಿದವರ ಕೈಗಳನ್ನು ಹಿಡಿದು ಸ್ವಾಮಿಯ ತುಟಿಯವರೆಗೆ ಕರೆದೊಯ್ಯುವವರೂ ಅವರೇ.